ಜಯಾನ್‌ನಲ್ಲಿ ಮಕ್ಕಳೊಂದಿಗೆ ಸೈಕಲ್: ಏರಿಗೆ ಬಸ್, ಇಳಿಜಾರಿಗೆ ಪೆಡಲ್

ವಸಂತದ ರಜೆಯಲ್ಲಿ ಮಕ್ಕಳನ್ನೂ ಸೈಕಲ್‌ಗಳನ್ನೂ ಕಾರಿಗೆ ಏರಿಸಿಕೊಂಡು ಅಮೆರಿಕದ ಯೂಟಾ ರಾಜ್ಯದ ಜಯಾನ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟವರು ಸೈಕಲ್‌ಗಳನ್ನು ಉದ್ಯಾನದ ಉಚಿತ ಷಟಲ್ ಬಸ್ಸಿನ ಮುಂಭಾಗದ ಚೌಕಟ್ಟಿಗೆ ಸಿಕ್ಕಿಸಿ ಕೊನೆಯ ನಿಲ್ದಾಣ ಟೆಂಪಲ್ ಆಫ್ ಸಿನವಾವಾದಲ್ಲಿ ಇಳಿಯಿರಿ. ಅಲ್ಲಿಂದ ಕೆಳಕ್ಕೆ ತುಳಿದುಕೊಂಡು ಬನ್ನಿ. ವರ್ಜಿನ್ ನದಿ ಹರಿಯುವ ದಿಕ್ಕಿನಲ್ಲೇ ರಸ್ತೆಯೂ ಇಳಿಯುತ್ತದೆ. ಸುಮಾರು 12 ಕಿಲೋಮೀಟರಿನಲ್ಲಿ 140 ಮೀಟರಿನಷ್ಟು ಇಳಿತ, ಹಾಗಾಗಿ ಪುಟ್ಟ ಕಾಲುಗಳಿಗೂ ದಣಿವಿಲ್ಲ. ಷಟಲ್ ಓಡುವ ತಿಂಗಳುಗಳಲ್ಲಿ ಖಾಸಗಿ ಕಾರುಗಳಿಗೆ ಈ ರಸ್ತೆಯ ಮೇಲ್ಭಾಗಕ್ಕೆ ಪ್ರವೇಶವಿಲ್ಲ. ಉದ್ಯಾನದೊಳಗೇ ಇರುವ ಜಯಾನ್ ಲಾಡ್ಜ್‌ನ ಅತಿಥಿಗಳ ಕಾರು ಅಪರೂಪಕ್ಕೆ ಬರಬಹುದು. ಬಸ್ಸಿನ ಕಿಟಕಿಯಲ್ಲಿ ಅರ್ಧವೇ ಕಾಣುವ ಕೆಂಪು ಬಂಡೆಗೋಡೆಗಳನ್ನು ಬೇಕೆಂದಲ್ಲಿ ನಿಂತು, ಕತ್ತೆತ್ತಿ ನೋಡಬಹುದು. ಜಯಾನ್ ನೋಡಲು ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಕಂಡಿಲ್ಲ. ಲಾಡ್ಜ್ ಮುಂದಿನ ಹುಲ್ಲುಹಾಸಿನ ಮೇಲೆ, ದೊಡ್ಡ ಕಾಟನ್‌ವುಡ್ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ. ಕೊನೆಯ ಭಾಗವನ್ನು ರಸ್ತೆ ಬಿಟ್ಟು ಪರೂಸ್ ಹಾದಿಯಲ್ಲಿ ಮುಗಿಸಿ. ಉದ್ಯಾನದ ಕಾಲುಹಾದಿಗಳ ಪೈಕಿ ಸೈಕಲ್‌ಗೆ ಅನುಮತಿ ಇರುವುದು ಇದಕ್ಕೆ ಮಾತ್ರ. ಹಿಂದಿನಿಂದ ಬಸ್ ಬಂದರೆ ಬದಿಗೆ ಸರಿದು ಪೂರ್ತಿ ನಿಲ್ಲಲೇಬೇಕು, ಇದನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಿ. ಒಂದು ಬಸ್ಸಿನಲ್ಲಿ ಎರಡು ಮೂರು ಸೈಕಲ್‌ಗಳಿಗಷ್ಟೇ ಜಾಗ. ನಾಲ್ವರಿದ್ದರೆ ಎರಡು ಬಸ್ಸುಗಳಲ್ಲಿ ಹಂಚಿಕೊಳ್ಳಿ, ಬೆಳಗ್ಗೆ ಬೇಗನೆ ಹೋಗಿ. ತೀರಾ ಚಿಕ್ಕ ಚಕ್ರದ ಸೈಕಲ್ ಚೌಕಟ್ಟಿನಲ್ಲಿ ಕೂರದೆ ಹೋಗಬಹುದು. ಚಳಿಗಾಲದಲ್ಲಿ ಷಟಲ್ ನಿಂತಾಗ ರಸ್ತೆಗೆ ಕಾರುಗಳು ಬರುತ್ತವೆ, ಆಗ ಮಕ್ಕಳನ್ನು ಇಲ್ಲಿ ಸೈಕಲ್ ಹತ್ತಿಸಬೇಡಿ.