ಕಾದಂಬರಿ ಓದಿ ಮುಗಿಸಿದ ಮೇಲೆ ಒಂದು ಪುಟ ಬರೆದಿಡುವುದು ಹೇಗೆ

ನಾನು ತೀರ್ಥಹಳ್ಳಿಯಲ್ಲಿ ಔಷಧಿ ಅಂಗಡಿ ನಡೆಸುವವಳು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿಗಳು ಕಡಿಮೆ. ನನ್ನ ಓದೆಲ್ಲ ಆ ಹೊತ್ತಿನದು. ಓದಿದ ಪ್ರತಿ ಕಾದಂಬರಿಗೂ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಒಂದು ಪುಟ ಮೀಸಲು. ಮೊದಮೊದಲಿನ ಪುಟಗಳಲ್ಲಿ ‘ಮನಮುಟ್ಟುವ ಕಥೆ’, ‘ಜೀವಂತ ಪಾತ್ರಗಳು’ ಎಂದಷ್ಟೇ ಇದೆ. ಶೀರ್ಷಿಕೆ ಮುಚ್ಚಿದರೆ ಯಾವ ಪುಸ್ತಕದ ಮಾತೆಂದು ನನಗೇ ತಿಳಿಯುವುದಿಲ್ಲ. ಹಾಗಾಗಿ ಕ್ರಮ ಬದಲಾಯಿಸಿಕೊಂಡೆ.

ಪುಸ್ತಕ ಮುಚ್ಚಿದ ದಿನವೇ, ಬೆನ್ನುಡಿ ನೋಡದೆ, ಯಾರೊಂದಿಗೂ ಚರ್ಚಿಸದೆ, ಕಣ್ಣಿಗೆ ಕಟ್ಟಿದ ಒಂದೇ ಒಂದು ದೃಶ್ಯವನ್ನು ಬರೆಯಿರಿ. ಕಥೆಯ ಸಾರಾಂಶ ಬೇಡ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದಿದಾಗ ನಾನು ಬರೆದದ್ದು ಇದು: ಚಿಕ್ಕಪ್ಪನನ್ನು ಕಾಣಲು ಊಟದ ಡಬ್ಬಿ ಹಿಡಿದು ಹೆಂಗಸೊಬ್ಬಳು ಮನೆ ಬಾಗಿಲಿಗೆ ಬರುತ್ತಾಳೆ, ಅಮ್ಮ ಮತ್ತು ಅಕ್ಕ ಅವಳನ್ನು ಬೈದು ಅಟ್ಟುತ್ತಾರೆ, ನಿರೂಪಕ ಸುಮ್ಮನಿರುತ್ತಾನೆ.

ಅದರ ಕೆಳಗೆ, ಈ ದೃಶ್ಯವೇ ಏಕೆ ಕಾಡಿತು ಎಂದು ಬರೆಯಿರಿ. ನನ್ನನ್ನು ಕಾಡಿದ್ದು ಬೈಗುಳವಲ್ಲ, ಅವನ ಮೌನ. ಮನೆ ನಡೆಯುವುದು ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ. ಅವನ ನೆಮ್ಮದಿ ಕಾಯುವುದೇ ಎಲ್ಲರ ಕೆಲಸ. ‘ದುಡ್ಡು ಬಂದು ಮನೆ ಕೆಟ್ಟಿತು’ ಎಂದು ಬರೆದು ಪೆನ್ನು ಕೆಳಗಿಟ್ಟೆ.

ಇಲ್ಲಿಗೇ ನಿಲ್ಲಿಸಬಾರದು. ಬರೆದ ತೀರ್ಮಾನವನ್ನು ಕೈಯಲ್ಲಿ ಹಿಡಿದು ಮತ್ತೆ ಪುಸ್ತಕ ತೆರೆಯಿರಿ; ಅದನ್ನು ಸುಳ್ಳಾಗಿಸುವ ಪುಟವನ್ನು ಹುಡುಕಿರಿ. ನನಗೆ ಸಿಕ್ಕಿದ್ದು ಇರುವೆಗಳ ಭಾಗ. ಹಳೆಯ ಪುಟ್ಟ ಮನೆಯಲ್ಲಿ ಇಡೀ ಕುಟುಂಬ ಇರುವೆಗಳ ಮೇಲೆ ಯುದ್ಧಕ್ಕೆ ಇಳಿಯುತ್ತದೆ, ಕೊಲ್ಲುವುದರಲ್ಲಿ ಒಂದಾಗುತ್ತದೆ. ಅದು ದುಡ್ಡು ಬರುವುದಕ್ಕೆ ಮುಂಚಿನ, ಬಡತನದ ಕಾಲ. ಹಾಗಾದರೆ ಕ್ರೌರ್ಯ ಸಂಪತ್ತಿನ ಜೊತೆ ಹೊಸ ಮನೆಗೆ ಬಂದದ್ದಲ್ಲ. ನಾವು ಮೆಚ್ಚುವ ಆ ಒಗ್ಗಟ್ಟಿನೊಳಗೇ ಮೊದಲಿನಿಂದ ಇತ್ತು. ಮೊದಲ ಸಾಲು ಹೊಡೆದು ಇದನ್ನು ಬರೆದೆ. ನನ್ನ ನೋಟ್‌ಬುಕ್ಕಿನಲ್ಲಿ ನನಗೆ ಅತ್ಯಂತ ಇಷ್ಟವಾದ ಪುಟ ಅದು.

ಹಿಡಿಸದೇ ಹೋದದ್ದನ್ನೂ ಬರೆಯಿರಿ, ಪುಟಸಂಖ್ಯೆ ಹಾಕಿ. ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಓದುವಾಗ ಸಮುದ್ರಯಾನದ ಭಾಗವನ್ನು ಅಂಗಡಿ ಮುಚ್ಚಿದ ಮೇಲೂ ಕೂತು ಓದಿದೆ. ಆದರೆ ಕೆಲವೆಡೆ ಚರಿತ್ರೆಯ ವಿವರಗಳು ಒತ್ತಿ ಬಂದು ಪಾತ್ರಗಳ ಮನಸ್ಸು ಹಿಂದೆ ಸರಿಯಿತು ಎನಿಸಿತು. ಎರಡನ್ನೂ ಬರೆದಿದ್ದೇನೆ.

ಓದಲಾಗದೆ ಬಿಟ್ಟ ಪುಸ್ತಕದ ಮೇಲೆ ಮಾತ್ರ ತೀರ್ಪು ಬೇಡ. ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು (1984) ನಾನು ಮೊದಲ ಸಲ ಇಪ್ಪತ್ತು ಪುಟಕ್ಕೇ ಮಡಚಿಟ್ಟೆ. ನಂಜನಗೂಡು ಸೀಮೆಯ ಆ ನುಡಿ ನಮ್ಮ ಮಲೆನಾಡಿನ ಕಿವಿಗೆ ಹೊಸದು. ಎರಡನೆಯ ಸಲ ಶಟರ್ ಅರ್ಧ ಎಳೆದು ಗಟ್ಟಿಯಾಗಿ ಓದಿದೆ. ಮನೆಮನೆಯ ದೀಪಗಳಾದ ಜೋತಮ್ಮಂದಿರು ಒಂದೆಡೆ ಸೇರಿ ಮಾತಿಗೆ ಕೂರುವ ಹೊತ್ತಿಗೆ ಅರ್ಥ ತಾನಾಗಿ ಬಿಚ್ಚಿಕೊಂಡಿತು. ವಿದ್ವಾಂಸ ಎಲ್. ಬಸವರಾಜು ಇದೇ ಗದ್ಯವನ್ನು ಕವಿತೆಯಂತೆ ಸಾಲು ಒಡೆದು ಅಚ್ಚು ಹಾಕಿಸಿದ್ದು ಏಕೆಂದು ಆಗ ತಿಳಿಯಿತು. ಕಷ್ಟವೆನಿಸಿದ ಪುಸ್ತಕಕ್ಕೆ ನಿಮ್ಮ ದನಿ ಕೊಟ್ಟು ನೋಡಿ.

ಹದಿನೈದು ದಿನದ ನಂತರ ಬೇರೆ ಬಣ್ಣದ ಶಾಯಿಯಲ್ಲಿ ಎರಡು ಸಾಲು ಸೇರಿಸಿ. ಮತ್ತೆ ಓದಿದರಂತೂ ಹೊಸ ಪುಟವೇ ಬೇಕು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಬಗ್ಗೆ ಕಾಲೇಜಿನ ದಿನಗಳಲ್ಲಿ ಬರೆದ ಪುಟದ ತುಂಬ ಚಿನ್ನಮ್ಮನೇ ಇದ್ದಾಳೆ. ಕಳೆದ ಮಳೆಗಾಲದಲ್ಲಿ ಮತ್ತೆ ಓದಿದೆ. ಹೊರಗೆ ತುಂಗೆ ಕೆಂಪಾಗಿ ಹರಿಯುತ್ತಿತ್ತು. ಈ ಸಲದ ಪುಟದಲ್ಲಿ ಇರುವುದು ಗುತ್ತಿಯ ನಾಯಿ ‘ಹುಲಿಯ’ ಮಾತ್ರ.