ಗೋಡೆ ಬಂತೆಂದು ಉಸಿರು ಬಿಗಿಹಿಡಿಯಬೇಡಿ

ಹೊಳೆಯಲ್ಲೋ ಊರಿನ ಕೆರೆಯಲ್ಲೋ ಈಜು ಕಲಿತವರು ನಮ್ಮ ಕರಾವಳಿಯಲ್ಲಿ ಬೇಕಾದಷ್ಟು ಜನ. ಮಂಗಳೂರಿನ ಎಮ್ಮೆಕೆರೆ ಈಜುಕೊಳದಲ್ಲಿ ಅವರಿಗೆ 50 ಮೀಟರ್ ಫ್ರೀಸ್ಟೈಲ್ ಸಲೀಸು. ಏದುಸಿರು ಬರುವುದು ಗೋಡೆಯ ಹತ್ತಿರ ಪಲ್ಟಿ ಹೊಡೆದು ತಿರುಗಿದ ಮೇಲೆ. 50 ಮೀಟರ್ ಉದ್ದದ ಆ ಕೊಳದಲ್ಲಿ 400 ಮೀಟರ್ ಈಜಿದರೆ ಇಂಥ ತಿರುವು 7 ಬರುತ್ತವೆ.

ಹೆಚ್ಚಿನವರು ತಿರುಗುವ ಮೊದಲು ಜೋರಾಗಿ ಉಸಿರೆಳೆದು ಹಿಡಿದಿಡುತ್ತಾರೆ. ಕಷ್ಟ ಶುರುವಾಗುವುದೇ ಅಲ್ಲಿ. ಗಾಳಿ ಬೇಕೆಂದು ಎದೆ ಒದ್ದಾಡುವುದು ಮುಖ್ಯವಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದಾಗ. ಹಾಗಾಗಿ ಮುಖ ನೀರೊಳಗೆ ಇರುವಷ್ಟು ಹೊತ್ತೂ ಗುಳ್ಳೆ ಬಿಡುತ್ತಾ ಈಜಿ.

ಕೊಳದ ತಳದ ಕಪ್ಪು ಗೆರೆ ಗೋಡೆಗೆ 2 ಮೀಟರ್ ಇರುವಾಗ ಅಡ್ಡಗೆರೆಯಾಗಿ ಮುಗಿಯುತ್ತದೆ. ಅದು ಬರುವ ಮೊದಲೇ ಮಾಮೂಲಿ ಉಸಿರು ಎಳೆದುಕೊಳ್ಳಿ. ಗೋಡೆಗೆ ಮುಂಚಿನ ಕೊನೆಯ ಸ್ಟ್ರೋಕ್‌ನಲ್ಲಿ, ಅಂದರೆ ಕೊನೆಯ ಸಲ ಕೈ ಬೀಸುವಾಗ ಮಾತ್ರ ಉಸಿರು ಬೇಡವೇ ಬೇಡ. ತಲೆ ಪಕ್ಕಕ್ಕೆ ಹೋದರೆ ಮೈಯೂ ಹೊರಳುತ್ತದೆ, ಪಲ್ಟಿ ತಡವಾಗುತ್ತದೆ.

ಈಗ ಗಲ್ಲ ಎದೆಗೆ ತಾಗಿಸಿ ತಿರುಗಿ. ಬಾಯಿ ಮುಚ್ಚಿ ‘ಹೂಂ’ ಎಂದು ಗುನುಗಿದರೆ ಮೂಗಿನಿಂದ ಗಾಳಿ ತಾನಾಗಿ ಹೋಗುತ್ತದೆ, ನೀರು ಒಳಗೆ ನುಗ್ಗುವುದಿಲ್ಲ. ಎಲ್ಲವನ್ನೂ ಒಮ್ಮೆಲೇ ಊದಿಬಿಡಬೇಡಿ. ಗೋಡೆಗೆ ಒದ್ದು ಮುಂದೆ ಜಾರುವಾಗಲೂ ಸ್ವಲ್ಪ ಬೇಕಲ್ವಾ?

ಸ್ಪರ್ಧೆಯಲ್ಲಿ ಗೋಡೆಯಿಂದ 15 ಮೀಟರ್ ದಾಟುವುದರೊಳಗೆ ತಲೆ ನೀರಿನಿಂದ ಮೇಲೆ ಬರಬೇಕು. ಹೊಸಬರಿಗೆ ಅಷ್ಟು ದೂರದ ಆಸೆ ಬೇಡ. ಬೇಗ ಮೇಲೆ ಬನ್ನಿ, ಮೊದಲ ಸ್ಟ್ರೋಕ್ ಉಸಿರಿಲ್ಲದೆ ಹಾಕಿ, ಎರಡನೆಯದಕ್ಕೆ ಉಸಿರೆಳೆಯಿರಿ. ಮೊದಲ ಸ್ಟ್ರೋಕ್‌ಗೇ ತಲೆ ತಿರುಗಿಸಿದರೆ ಒದ್ದು ಗಳಿಸಿದ ವೇಗ ಹೋಗಿಬಿಡುತ್ತದೆ. ಅಷ್ಟೂ ತಡೆಯಲಾಗದಿದ್ದರೆ ನೀರೊಳಗಿನ ಜಾರುವಿಕೆಯನ್ನು ಇನ್ನೂ ಕಡಿಮೆ ಮಾಡಿ.

ಒಂದು ಮಾತು ಖಂಡಿತ ನೆನಪಿರಲಿ. ನೀರಿಗಿಳಿಯುವ ಮೊದಲು ಸರಸರನೆ ಹತ್ತಾರು ಸಲ ಉಸಿರಾಡಿ ‘ಗಾಳಿ ತುಂಬಿಸಿಕೊಳ್ಳುವುದು’ ಅಪಾಯ. ಹಾಗೆ ಮಾಡಿದರೆ ಕಾರ್ಬನ್ ಡೈಆಕ್ಸೈಡ್ ಇಳಿದು, ದೇಹ ಎಚ್ಚರಿಸುವ ಮೊದಲೇ ನೀರಿನಲ್ಲಿ ಪ್ರಜ್ಞೆ ತಪ್ಪಬಹುದು. ಒಬ್ಬರೇ ಇರುವಾಗ ಉಸಿರು ಹಿಡಿಯುವ ಅಭ್ಯಾಸವಂತೂ ಬೇಡ.

ಅಭ್ಯಾಸಕ್ಕೆ ಮೊದಲು ಗೋಡೆ ಬೇಡ. ಎದೆಮಟ್ಟದ ನೀರಿನಲ್ಲಿ, ಯಾರಿಗೂ ತಾಗದಷ್ಟು ಜಾಗ ಇರುವ ಕಡೆ, ಗುನುಗುತ್ತಾ ಬರೀ ಪಲ್ಟಿ ಹೊಡೆಯಿರಿ. ಮೂಗಿಗೆ ನೀರು ಹೋಗುವುದು ನಿಂತ ಮೇಲೆ ಗೋಡೆಗೆ ಬನ್ನಿ. ಅಲ್ಲಿ ಮೊದಮೊದಲು ನಿಧಾನವಾಗಿ ಈಜಿ, ಪ್ರತಿ ತಿರುವಿನ ನಂತರ ನಿಂತು ಸುಧಾರಿಸಿಕೊಳ್ಳಿ.