ಕೋಟ್ ಹಾಕುವ ಮುಂಚೆ ನಾನು ಎಣಿಸುವುದು ಶೆಲ್‌ಗಳನ್ನು

ಶೆಲ್ ಅಂದರೆ ನಾವು ಬರೆದ ಕಮಾಂಡ್ ಸಾಲುಗಳನ್ನು ಓದಿ ನಡೆಸುವ ಪ್ರೋಗ್ರಾಂ. ಅದಕ್ಕಾಗಿ ಬರೆದ ನನ್ನ ಸ್ಕ್ರಿಪ್ಟ್‌ಗಳು ಒಂದೇ ಮೆಷಿನ್‌ನಲ್ಲಿ ಓಡುವುದಿಲ್ಲ. ಡೆಬಿಯನ್, ಉಬುಂಟು ಲಿನಕ್ಸ್‌ಗಳಲ್ಲಿ ಎಸ್‌ಎಚ್ (sh) ಎಂಬ ಶೆಲ್ ಅಂದರೆ ಡ್ಯಾಶ್, ಆಲ್ಪೈನ್‌ನಲ್ಲಿ ಬಿಝಿಬಾಕ್ಸ್‌ನ ಆಶ್, ಇನ್ನೊಂದು ಕಡೆ ಬ್ಯಾಶ್. ಹಾಗಾಗಿ ಕೋಟ್, ಅಂದರೆ ' ಅಥವಾ " ಗುರುತು, ಹಾಕುವ ಮುಂಚೆ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ಸಾಲನ್ನು ಎಷ್ಟು ಶೆಲ್‌ಗಳು ಓದುತ್ತವೆ?

ಒಂದೇ ಆದರೆ ಕೆಲಸ ಸುಲಭ. ಬರೆದದ್ದು ಹಾಗೇ ಇರಬೇಕಾ, ಸಿಂಗಲ್ ಕೋಟ್. ವೇರಿಯಬಲ್‌ನ ಬೆಲೆ ಬರಬೇಕಾ, ಡಬಲ್ ಕೋಟ್. ಕೋಟ್ ಇಲ್ಲದೆ ಸುಮ್ನೆ ಬಿಟ್ಟರೆ ಸ್ಪೇಸ್ ಇರುವ ಫೈಲ್ ಹೆಸರು ತುಂಡಾಗುತ್ತದೆ, * ಇದ್ದರೆ ಫೋಲ್ಡರ್‌ನಲ್ಲಿರುವ ಹೆಸರುಗಳೆಲ್ಲ ಬಂದು ಸೇರಿಕೊಳ್ಳುತ್ತವೆ. ಡಬಲ್ ಕೋಟ್ ಒಳಗೂ $ ` \ " ಈ ನಾಲ್ಕಕ್ಕೆ ವಿಶೇಷ ಅರ್ಥ ಉಳಿದಿರುತ್ತದೆ, ಅದು ನೆನಪಿರಲಿ. ಸ್ಕ್ರಿಪ್ಟ್‌ಗೆ ಬಂದ ಆರ್ಗ್ಯುಮೆಂಟ್‌ಗಳನ್ನು (ಕಮಾಂಡ್ ಹೆಸರಿನ ನಂತರ ಕೊಡುವ ಪದಗಳನ್ನು) ಮುಂದಕ್ಕೆ ಕಳಿಸಲು "$@" ಮಾತ್ರ. "$*" ಎಲ್ಲವನ್ನೂ ಸೇರಿಸಿ ಒಂದೇ ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾಡಿಬಿಡುತ್ತದೆ.

ಕಷ್ಟ ಶುರುವಾಗುವುದು ಎರಡನೇ ಶೆಲ್ ಬಂದಾಗ. ಬೇರೆ ಮೆಷಿನ್‌ನಲ್ಲಿ ಕಮಾಂಡ್ ಓಡಿಸುವ ಎಸ್‌ಎಸ್‌ಎಚ್ ನೋಡಿ. ನಾವು ಕೊಟ್ಟ ಆರ್ಗ್ಯುಮೆಂಟ್‌ಗಳನ್ನು ಅದು ಸ್ಪೇಸ್ ಇಟ್ಟು ಜೋಡಿಸಿ ಒಂದೇ ಸಾಲಾಗಿ ಆ ಕಡೆಗೆ ಕಳಿಸುತ್ತದೆ, ಅಲ್ಲಿನ ಶೆಲ್ ಅದನ್ನು ಮೊದಲಿಂದ ಓದುತ್ತದೆ. ನಾವು ಹಾಕಿದ ಕೋಟ್ ಅಷ್ಟರಲ್ಲಿ ಈ ಕಡೆಯೇ ಖರ್ಚಾಗಿ ಹೋಗಿರುತ್ತದೆ. ಸ್ಟ್ರಿಂಗನ್ನು ಮತ್ತೆ ಕಮಾಂಡ್ ಆಗಿ ಓದಿಸುವ ಇವಾಲ್‌ನದೂ ಇದೇ ಕಥೆ.

ಇದಕ್ಕಾಗಿ ಒಂದು ಪುಟ್ಟ ಫಂಕ್ಷನ್ ಇಟ್ಟುಕೊಂಡಿದ್ದೇನೆ. ಸ್ಟ್ರಿಂಗ್‌ನಲ್ಲಿರುವ ಪ್ರತಿ ' ಅನ್ನು ಸೆಡ್ (ಪಠ್ಯದಲ್ಲಿ ಹುಡುಕಿ ಬದಲಿಸುವ ಟೂಲ್) ಮೂಲಕ '\'' ಎಂದು ಬದಲಿಸಿ, ಹಿಂದೆ ಮುಂದೆ ಒಂದೊಂದು ಸಿಂಗಲ್ ಕೋಟ್ ಹಾಕುತ್ತದೆ, ಅಷ್ಟೇ. ಆ ನಾಲ್ಕು ಅಕ್ಷರಗಳನ್ನು ಬಿಡಿಸಿ ನೋಡಿ. ಮೊದಲನೆಯದು ತೆರೆದಿದ್ದ ಕೋಟನ್ನು ಮುಚ್ಚುತ್ತದೆ, ನಡುವಿನ \' ಹೊರಗೆ ನಿಂತು ನಿಜವಾದ ಒಂದು ಕೋಟ್ ಕೊಡುತ್ತದೆ, ಕೊನೆಯದು ಮತ್ತೆ ತೆರೆಯುತ್ತದೆ. ಎಲ್ಲೂ ಸ್ಪೇಸ್ ಇಲ್ಲ, ಹಾಗಾಗಿ ಶೆಲ್‌ಗೆ ಅದೆಲ್ಲ ಸೇರಿ ಒಂದೇ ಪದ. ಸಿಂಗಲ್ ಕೋಟ್ ಒಳಗೆ ಸಿಂಗಲ್ ಕೋಟ್ ಬರೆಯಲು ದಾರಿಯೇ ಇಲ್ಲ, ಬ್ಯಾಕ್‌ಸ್ಲ್ಯಾಶ್ ಕೂಡ ಅಲ್ಲಿ ಬರೀ ಬ್ಯಾಕ್‌ಸ್ಲ್ಯಾಶ್. ಅದಕ್ಕೇ ಇಷ್ಟು ಸುತ್ತು.

ಕೊನೆಯ ಕೋಟನ್ನು ನಾನು ಸೆಡ್ ಕೈಯಲ್ಲೇ ಹಾಕಿಸುತ್ತೇನೆ. ಯಾಕಂದ್ರೆ ಒಂದು ಕಮಾಂಡ್‌ನ ಔಟ್‌ಪುಟ್ ಹಿಡಿದು ತರುವ $( ) ಅದರ ತುದಿಯಲ್ಲಿರುವ ನ್ಯೂಲೈನ್‌ಗಳನ್ನೆಲ್ಲ (ಸಾಲು ಮುರಿಯುವ ಅಕ್ಷರಗಳನ್ನು) ಕತ್ತರಿಸುತ್ತದೆ. ಕೋಟ್ ಮೊದಲೇ ಕೂತಿದ್ದರೆ ಸ್ಟ್ರಿಂಗ್‌ನ ನ್ಯೂಲೈನ್‌ಗಳು ಅದರೊಳಗೆ ಉಳಿದುಕೊಳ್ಳುತ್ತವೆ, ಅಲ್ವಾ?

ಸ್ಟ್ರಿಂಗನ್ನು ಸೆಡ್‌ಗೆ ಕೊಡುವಾಗ ಎಕೋ ಬೇಡವೇ ಬೇಡ, ಪ್ರಿಂಟ್‌ಎಫ್ ಬಳಸಿ; ಎರಡೂ ಪಠ್ಯ ಮುದ್ರಿಸುವ ಕಮಾಂಡ್‌ಗಳೇ. ಬ್ಯಾಕ್‌ಸ್ಲ್ಯಾಶ್ ಜೊತೆ ಎನ್ ಬಂದರೆ ಡ್ಯಾಶ್‌ನ ಎಕೋ ಅದನ್ನು ಹೊಸ ಸಾಲು ಮಾಡುತ್ತದೆ, ಬ್ಯಾಶ್‌ನದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಪ್ರಿಂಟ್‌ಎಫ್‌ನಲ್ಲೂ ಫಾರ್ಮ್ಯಾಟ್ (ಹೇಗೆ ಮುದ್ರಿಸಬೇಕೆಂಬ ಅಚ್ಚು) ಬೇರೆ, ಡೇಟಾ ಬೇರೆ ಇರಬೇಕು. ಡೇಟಾವನ್ನೇ ಫಾರ್ಮ್ಯಾಟ್ ಜಾಗದಲ್ಲಿ ಇಟ್ಟರೆ ಅದರಲ್ಲಿರುವ % ಮತ್ತು \ ಎರಡೂ ವಿಶೇಷ ಅರ್ಥ ಪಡೆದು ಎದ್ದು ಕೂರುತ್ತವೆ. ಇನ್ನು \n ತರದ ಗುರುತುಗಳನ್ನು ಅರ್ಥಮಾಡಿಕೊಳ್ಳುವ $'…' ಕೋಟ್ ತುಂಬಾ ಅನುಕೂಲ ನಿಜ, ಶೆಲ್‌ಗಳ ಮಾನದಂಡವಾದ ಪಾಸಿಕ್ಸ್‌ಗೆ 2024ರ ಆವೃತ್ತಿಯಲ್ಲಿ ಸೇರಿದೆ ಕೂಡ. ಆದರೆ ಅದು ಗೊತ್ತಿಲ್ಲದ ಶೆಲ್‌ಗಳು ಇನ್ನೂ ಓಡಾಡುತ್ತಿವೆ, ಹಾಗಾಗಿ ನಾನು ಬಳಸುವುದಿಲ್ಲ.

ಪರೀಕ್ಷೆಗೆ ಒಂದು ಒರಟು ಸ್ಟ್ರಿಂಗ್ ಕಟ್ಟಿಟ್ಟಿದ್ದೇನೆ: ಶುರುವಿನಲ್ಲಿ ಹೈಫನ್, ಒಳಗೆ ಎರಡೂ ತರದ ಕೋಟ್, ಸ್ಪೇಸ್, $, *, \, ತುದಿಯಲ್ಲಿ ನ್ಯೂಲೈನ್. ಅದನ್ನು ಮೂರೂ ಶೆಲ್‌ಗಳಲ್ಲಿ ಫಂಕ್ಷನ್ ಮೂಲಕ ದಾಟಿಸಿ, ಆ ಕಡೆ ಬಂದದ್ದನ್ನು ಬೈಟ್‌ಗೆ ಬೈಟ್ ಹೋಲಿಸುತ್ತೇನೆ. ಎಲ್ಲ ಕಡೆ ಸರಿಹೋದ ಮೇಲೇ ಸ್ಕ್ರಿಪ್ಟನ್ನು ಬೇರೆ ಮೆಷಿನ್‌ಗಳಿಗೆ ಕಳಿಸುವುದು.